ಮೊದಲು ಒಳಗೆ ಬಿಟ್ಟ ಕೈ

ಕಲಾವತಿಗೆ ಹೊಟ್ಟೆಕಿಚ್ಚು ಜಾಸ್ತಿ ಅಂತ ಬಾಗಲೂರಿನಲ್ಲಿ ಯಾರಾದರೂ ಅಂದರೆ ಅದು ಸುಳ್ಳೇನಲ್ಲ. ಆದರೆ ಅವಳ ಜಾಗದಲ್ಲಿ ನೀವಿದ್ದಿದ್ದರೆ ನಿಮಗೂ ಉರಿಯುತ್ತಿತ್ತು, ತಿಳಿದುಕೊಳ್ಳಿ.

ಹಂದಿ ಸಾಕೋಣ ಅಂತ ಮೊದಲು ಬಾಯಿ ಬಿಟ್ಟವಳೇ ಅವಳು. ಸುತ್ತ ಲೇಔಟ್ ಎದ್ದು ಉಳಿದಿದ್ದ ಅರ್ಧ ಎಕರೆಯಲ್ಲಿ ರಾಗಿ ಬೆಳೆದು ಯಾವ ರಾಜ್ಯ ಕಟ್ಟುವುದು? ಅತ್ತೆ ಮುನಿಕೆಂಪಮ್ಮ "ಅಂದಿನಾ? ನಮ್ಮನೇಗಾ? ಥೂ!" ಎಂದು ದಿನಗಟ್ಟಲೆ ಪಾತ್ರೆ ಕುಕ್ಕಿದಾಗ ಎದುರು ನಿಂತು ಒಪ್ಪಿಸಿದವಳೂ ಅವಳೇ. ಹಳೇ ದನದ ಕೊಟ್ಟಿಗೆಗೆ ಗಂಡ ಮುನೀಂದ್ರನ ಜೊತೆ ಸಿಮೆಂಟ್ ಕಲಸಿ, ಗೋಡೆಗೆ ಸುಣ್ಣ ಬಳಿದು, ಹಂದಿಗೆ ಹಾಕಲು ಮಿಕ್ಕ ಅನ್ನ, ಸಾರು ಕೊಡಿ ಅಂತ ಯಲಹಂಕದ ಹೋಟೆಲಿನವರ ಹತ್ತಿರ ಮಾತಾಡಿಕೊಂಡು ಬಂದವಳೂ ಅವಳೇ. ಅಂಗೈ ತುಂಬ ಬೊಬ್ಬೆ ಎದ್ದಿತ್ತು.

ಸೋಲದೇವನಹಳ್ಳಿ ಕಡೆಯ ಫಾರಂನಿಂದ ಮುನೀಂದ್ರ ಹತ್ತು ಬಿಳಿ ಮರಿಗಳನ್ನು ಟೆಂಪೋದಲ್ಲಿ ತಂದು ಬುಟ್ಟಿ ಇಳಿಸಿದ. ಆಗ ಅತ್ತೆ ಅಂಗಳಕ್ಕೆ ಬಂದು ಹೇಳಿದ್ದೇನು ಗೊತ್ತೇ?

"ತಡೀರಿ, ಯಾರೂ ಮುಟ್ಬೇಡಿ. ಮೊದಲ್ನೇ ಮರೀನ ನಮ್ಮ ಶಾಂತಲಾ ಒಳಕ್ಕೆ ಬಿಡ್ಲಿ. ಅವಳ ಕೈಗುಣ ಚೆನ್ನಾಗೈತೆ."

ಶಾಂತಲಾ ಅಂದರೆ ಕಲಾವತಿಯ ವಾರಗಿತ್ತಿ, ಮೈದುನ ಸತೀಶನ ಹೆಂಡತಿ. ಅವಳು ಹೊಸಿಲು ದಾಟಿದ ತಿಂಗಳೇ ಕೊಳವೆಬಾವಿಯಲ್ಲಿ ನೀರು ಬಿತ್ತು. ಅಂದಿನಿಂದ ಆ ಮನೆಯಲ್ಲಿ ಬೀಜ ಬಿತ್ತಲಿ, ಹಾಲು ಉಕ್ಕಿಸಲಿ, ಶಾಂತಲಾ ಕೈಯೇ ಆಗಬೇಕು. ಕಲಾವತಿ ಬಂದ ತಿಂಗಳೋ? ಕರೆಯುವ ಹಸು ಸತ್ತಿತ್ತು. ಪ್ಲಾಸ್ಟಿಕ್ ತಿಂದು ಸತ್ತಿದೆ ಅಂತ ಡಾಕ್ಟರೇ ಹೇಳಿದರೂ ಅತ್ತೆ ನೋಡಿದ್ದು ಹೊಸ ಸೊಸೆಯ ಕಾಲನ್ನು. ಕಲಾವತಿ ಎರಡೂ ಪಾದವನ್ನು ಸೀರೆಯೊಳಗೆ ಎಳೆದುಕೊಂಡಿದ್ದಳು. ಅದಾಗಿ ಹನ್ನೊಂದು ವರ್ಷ. ಇವತ್ತಿಗೂ ಶುಭಕಾರ್ಯ ಅಂದರೆ ಅವಳು ಹಿಂದಿನ ಸಾಲಿನಲ್ಲೇ ನಿಲ್ಲಬೇಕು.

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಂಡಿತು ಅನ್ನುವುದು ಇದಕ್ಕೇ. ಕಲಾವತಿಗೆ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದ ಹಾಗಾಯಿತು.

ಅತ್ತೆ ಅರಿಶಿನ ಕುಂಕುಮ ತರಲು ಒಳಗೆ ಹೋದಳು. ಶಾಂತಲಾ ಕೈಕಾಲು ತೊಳೆಯಲು ಹಿತ್ತಲ ನಲ್ಲಿಗೆ ಹೋದಳು. ಮುನೀಂದ್ರ ಟೆಂಪೋ ತಿರುಗಿಸುತ್ತಿದ್ದ. ಕಲಾವತಿ ಆಕಡೆ ಈಕಡೆ ನೋಡಿ, ಬುಟ್ಟಿಯಲ್ಲಿದ್ದ ಎಲ್ಲಕ್ಕಿಂತ ದಪ್ಪ ಮರಿಯನ್ನು ಬಾಚಿ ಎತ್ತಿದಳು. ಅದು ಊರು ಕೇಳುವ ಹಾಗೆ ಕಿರುಚಿತು. ಪುಣ್ಯಕ್ಕೆ ಅದೇ ಹೊತ್ತಿಗೆ ತಲೆಯ ಮೇಲೆ ವಿಮಾನವೊಂದು ಮೊರೆಯುತ್ತ ಏರ್‌ಪೋರ್ಟಿಗೆ ಇಳಿಯುತ್ತಿತ್ತು. ಮರಿಯನ್ನು ಕೊಟ್ಟಿಗೆಯೊಳಗೆ ಬಿಟ್ಟಳು, ಅದು ನಾಲ್ಕು ಹೆಜ್ಜೆ ಓಡಾಡಿದ ಮೇಲೆ ಹಿಡಿದು ತಂದು ಬುಟ್ಟಿಗೆ ಹಾಕಿದಳು. ತಗೋ, ಮುಗೀತು! ಮೊದಲ ಕೈ ಯಾರದು ಈಗ?

ಅತ್ತೆ ಬಂದಳು. ಶಾಂತಲಾ ಬಗ್ಗಿ, "ಪಾಪ, ಇದು ನಡುಗ್ತೈತೆ ಅಕ್ಕಾ" ಎಂದು ಎಲ್ಲಕ್ಕಿಂತ ಚಿಕ್ಕ ಮರಿಯನ್ನು ಎತ್ತಿಕೊಂಡಳು. ಅದರ ಹಣೆಗೆ ಕುಂಕುಮ ಇಟ್ಟು ಒಳಗೆ ಬಿಟ್ಟಾಯಿತು. ಕಲಾವತಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಮರಿಗಳು ದಿನದಿನಕ್ಕೆ ಮೈದುಂಬಿಕೊಂಡವು. ಬೆಳಗಾಗುವ ಮೊದಲು ಎದ್ದು ಕೊಟ್ಟಿಗೆಯ ಗಲೀಜು ಬಾಚುವವಳು ಕಲಾವತಿ, ಹೊಗಳಿಕೆ ಮಾತ್ರ ಶಾಂತಲಾಗೆ. ಹಾಲು ಹಾಕುವವನು ಬಂದರೂ ಅತ್ತೆ ನಿಲ್ಲಿಸಿ ಹೇಳುತ್ತಿದ್ದಳು, "ನೋಡಪ್ಪ, ಎಂಗವೆ! ಎಲ್ಲಾ ಚಿಕ್ಕ ಸೊಸೆ ಕೈಗುಣ." ಕೇಳಿದಾಗಲೆಲ್ಲ ಕಲಾವತಿಗೆ ಮೈಯೆಲ್ಲ ಉರಿ. ಆದರೂ ಬಾಯಿ ಬಿಡಲಿಲ್ಲ. ಹಂದಿಗಳು ಬೆಳೆದು, ಕೊಳ್ಳುವವರ ಗಾಡಿ ಅಂಗಳಕ್ಕೆ ಬಂದು ನಿಲ್ಲಲಿ. ಆಗ ನೆಂಟರು ಇಷ್ಟರು ಎಲ್ಲರೆದುರು ಹೇಳುತ್ತಾಳೆ, ಮೊದಲು ಒಳಗೆ ಬಿಟ್ಟ ಕೈ ಯಾರದು ಅಂತ. ಅತ್ತೆಯ ಮುಖ ಹೇಗಾಗುತ್ತದೆ ಎಂದು ನೆನೆದುಕೊಂಡೇ ಅವಳು ಆ ಗುಟ್ಟನ್ನು ಕಡಲೆಮಿಠಾಯಿ ಚೀಪುವ ಹಾಗೆ ಚೀಪುತ್ತಿದ್ದಳು.

ಗಾಡಿ ಬರುವ ಮೊದಲು ಭೇದಿ ಬಂತು. ಅದೂ ಆ ಚಿಕ್ಕದಕ್ಕೆ, ಕುಂಕುಮದ ಮರಿಗೆ. ಡಾಕ್ಟರು ಇಂಜೆಕ್ಷನ್ ಕೊಟ್ಟರು. ಕಲಾವತಿ ಗೋಣಿಚೀಲ ಹಾಸಿ, ಉಪ್ಪು ಸಕ್ಕರೆ ನೀರು ಕುಡಿಸಿದಳು. ಬೆಳಿಗ್ಗೆ ನೋಡಿದರೆ ಮರಿ ಸೆಟೆದುಕೊಂಡಿತ್ತು.

ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು. "ಇದು ಮೊದಲ್ನೇದಲ್ವಾ?" ಎಂದಳು. ಆಮೇಲೆ ನಿಧಾನವಾಗಿ ಶಾಂತಲಾ ಕಡೆ ತಿರುಗಿದಳು. "ಏನ್ ಕೈನಮ್ಮ ನಿಂದು? ಮೊದಲ್ನೇದೇ ಓಯ್ತಲ್ಲ. ಇನ್ನು ಮಿಕ್ಕಿದ್ವು ಉಳೀತಾವಾ?"

ಸುಳ್ಳು ಯಾಕೆ, ಕಲಾವತಿಗೆ ಮೊದಲು ಆದದ್ದು ಸಂತೋಷ. ಅನುಭವಿಸು, ನೀನೂ ಸ್ವಲ್ಪ ಅನುಭವಿಸು! ಈಗ ಅವಳು ಮಾಡಬೇಕಾದ್ದು ಏನೂ ಇರಲಿಲ್ಲ. ಸುಮ್ಮನಿದ್ದರೆ ಸಾಕು, ಶಾಂತಲಾ ಕೈಗುಣದ ಕತೆ ಅಲ್ಲಿಗೆ ಮುಗಿಯುತ್ತಿತ್ತು.

ಅಷ್ಟರಲ್ಲಿ ಶಾಂತಲಾ ಎರಡೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಹಾಳಾದ್ದು, ಅದು ಕಲಾವತಿಯ ಕಣ್ಣಿಗೆ ಬೀಳಬಾರದಿತ್ತು. ಸೀರೆಯೊಳಗೆ ಎಳೆದುಕೊಂಡ ತನ್ನ ಪಾದಗಳು ಅವಳಿಗೆ ನೆನಪಾದವು.

"ಅತ್ತೆ, ಮೊದಲು ಬಿಟ್ಟಿದ್ದು ಅವಳಲ್ಲ, ನಾನು. ನೀವು ಕುಂಕುಮ ತರಕ್ಕೆ ಹೋದಾಗ ಒಂದು ಮರೀನ ಒಳಗೆ ಬಿಟ್ಟು ವಾಪಸ್ ಬುಟ್ಟಿಗೆ ಹಾಕ್ದೆ."

ಮುನಿಕೆಂಪಮ್ಮನ ಕಣ್ಣು ಅಗಲವಾಯಿತು. "ಅಂದ್ಕೊಂಡೆ! ನಿನ್ನ ಒಟ್ಟೆಕಿಚ್ಚೇ ಕಣೇ ಮರೀನ ತಿಂದಿದ್ದು. ಅದಕ್ಕೇ ಇಂಗಾಗಿರೋದು!" ಎಂದು ಬೈಯುತ್ತಲೇ ಒಳಗೆ ಹೋದಳು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ. ಇಷ್ಟು ದಿನ ಚೀಪಿದ ಮಿಠಾಯಿ ಮಣ್ಣಿಗೆ ಬಿತ್ತು.

ಶಾಂತಲಾ ಹತ್ತಿರ ಬಂದಳು. ಕಣ್ಣು ತುಂಬಿತ್ತು. "ಅಕ್ಕಾ, ನನಗೋಸ್ಕರ ಸುಳ್ಳು ಹೇಳಿ ಬೈಸ್ಕೊಂಡ್ರಲ್ಲಾ. ದೇವರಂಥೋರು ನೀವು."

ಕಲಾವತಿಗೆ ಎಲ್ಲಿತ್ತೋ ಕೋಪ! ಜನ್ಮದಲ್ಲಿ ಒಂದೇ ಒಂದು ಸಲ ಮೊದಲಾಗಿದ್ದಳು, ಅದನ್ನೂ ಇವಳು ನಂಬುತ್ತಿಲ್ಲ.

"ಸುಳ್ಳಾ? ನಿನಗೋಸ್ಕರ ನಾನ್ಯಾಕೆ ಸುಳ್ಳು ಹೇಳ್ಲಿ? ನಿನಗಿಂತ ಮುಂಚೆ ನಾನೇ ಕಣೇ ಬಿಟ್ಟಿದ್ದು!"

"ಆಯ್ತು ಅಕ್ಕಾ," ಎಂದಳು ಶಾಂತಲಾ, ನಂಬದೆ, ಕಣ್ಣೊರೆಸಿಕೊಳ್ಳುತ್ತ.

"ಕೈ ಆಚೆಗೆ ತೆಗಿ ಮೊದಲು. ಬಕೆಟ್ ಹಿಡಿ," ಎಂದು ಗದರಿಸಿದಳು ಕಲಾವತಿ. ಬಕೆಟ್ ಸದ್ದಿಗೆ ಒಂಬತ್ತೂ ಮರಿಗಳು ಕಿರುಚುತ್ತ ಓಡಿ ಬಂದವು. ಎಲ್ಲವನ್ನೂ ತಳ್ಳಿಕೊಂಡು ಮುಂದೆ ನುಗ್ಗಿದ್ದು ಆ ದಪ್ಪನೆಯದು. ಕಲಾವತಿ ಅದರ ಕಡೆ ಬೆರಳು ತೋರಿಸಿದಳು.

"ನಾನು ಹೇಳಿದ್ದು ನಂಬಬೇಡ. ಅದನ್ನ ಕೇಳು, ಅದಕ್ಕೆ ಗೊತ್ತು."