ಗಾಡಿಯಗಲದ ಸೇತುವೆ

ಪೆಟ್ರೋಲ್ ಬಂಕಿನಿಂದ ಹೊರಬಿದ್ದ ಬದರಿನಾಥ ಅಭ್ಯಾಸಬಲದಿಂದ ಬಾಡಿಗೆ ಕಾರನ್ನು ರಸ್ತೆಯ ಎಡಬದಿಗೆ ಒಯ್ದ. ಮುಂದಿದ್ದ ಹಳೆಯ ಕಲ್ಲಿನ ಸೇತುವೆ ಇಳಿದು ದ್ರಾಕ್ಷಿ ತುಂಬಿದ ಟ್ರ್ಯಾಕ್ಟರ್ ನೇರ ಎದುರಿಗೇ ಬಂತು.

"ಲೋ, ಬಲಕ್ಕೆ!" ಹಿಂದಿನ ಸೀಟಿನಿಂದ ಮೂರ್ತಿ ಕಿರುಚಿದ.

ಕಾರು ಹುಲ್ಲಿನ ಅಂಚು ಹತ್ತಿ ನಿಂತಿತು. ಟ್ರ್ಯಾಕ್ಟರಿನ ಮುದುಕ ಏನೋ ಗೊಣಗಿಕೊಂಡು ಹೋದ. ಕಾರಿನಲ್ಲಿದ್ದ ಯಾರಿಗೂ ಫ್ರೆಂಚ್ ಬರುತ್ತಿರಲಿಲ್ಲ, ಆದರೆ ಅದು ಬೈಗುಳವೆಂಬುದರಲ್ಲಿ ಅನುಮಾನವಿರಲಿಲ್ಲ.

ಬದರಿ ಇಳಿದು ಸೇತುವೆಯ ಕಟ್ಟೆಯ ಮೇಲೆ ಕೂತ. ಮೆಲ್ಬರ್ನಿನಲ್ಲಿ ಇಷ್ಟು ವರ್ಷ ಕಾರು ಓಡಿಸಿ ಒಂದು ಗೀರೂ ಮಾಡಿಕೊಳ್ಳದವನು ತಾನೆಂಬುದು ಅವನ ಜಂಭ. ಇಲ್ಲಿ ಎಲ್ಲರೂ ಬಲಕ್ಕೆ ಓಡಿಸುವವರು, ಸ್ಟೀರಿಂಗ್ ಎಡಕ್ಕೆ; ಮೂರು ದಿನದಿಂದ ಗೇರ್ ಹಾಕಲು ಹೋಗಿ ಎಡಗೈಯನ್ನು ಬಾಗಿಲಿಗೆ ಬಡಿಸಿಕೊಳ್ಳುತ್ತಿದ್ದ.

"ಕಾರು ಇಲ್ಲೇ ಬಿಟ್ಟು ಬಾಡಿಗೆ ಕಂಪನಿಯೋರಿಗೆ ಫೋನ್ ಮಾಡೋಣ. ಬಸ್ ಹಿಡಿದು ವಾಪಸ್ ಹೋಗೋಣ," ಅಂದ.

ಅವನ ಹೆಂಡತಿ ಅನಸೂಯಾ ಎದುರಿನ ಬೆಟ್ಟ ನೋಡಿದಳು. ಅದರ ತುದಿಯಲ್ಲಿದ್ದ ಕಲ್ಲಿನ ಊರಿಗಾಗಿಯೇ ಅವಳು ಈ ಪ್ರವಾಸಕ್ಕೆ ಹಟ ಹಿಡಿದದ್ದು, ಸಿಡ್ನಿಯಿಂದ ಮೂರ್ತಿ ಮತ್ತು ಜಯಾ ದಂಪತಿಯನ್ನೂ ಎಳೆತಂದದ್ದು. ಅಲ್ಲಿಗೆ ಬಸ್ಸಿರಲಿಲ್ಲ.

"ಮೂರ್ತಿ, ನೀನು ಓಡಿಸ್ತೀಯೇನೋ?" ಬದರಿ ಕೇಳಿದ.

"ನಾನು ಮೂಳೆ ಜೋಡಿಸೋ ಡಾಕ್ಟ್ರು ಕಣೋ, ಮುರಿಯೋನಲ್ಲ."

ಅನಸೂಯಾ ಕೈ ಚಾಚಿದಳು. "ಕೀ ಕೊಡಿ."

"ನೀನಾ? ನಮ್ಮ ಮನೆಯಿರೋ ವೆರಿಬೀಯಿಂದ ಮೆಲ್ಬರ್ನ್ ಸಿಟಿಗೇ ಒಂದ್ಸಲ ಓಡಿಸಿಲ್ಲ!"

"ನೀವು ಬಿಟ್ರೆ ತಾನೆ? ಲೈಸೆನ್ಸ್ ಇದೆ. ಕಾರಿನ ಪೇಪರಲ್ಲಿ ಜಯಾ ನನ್ನ ಹೆಸರೂ ಬರೆಸಿದಾಳೆ. ಎಡ ಬಲ ಅಂತ ಲೆಕ್ಕ ಹಾಕ್ತಾ ಕೂತಿದ್ದಕ್ಕೇ ನೀವು ತಪ್ಪಿದ್ದು. ಅಲ್ಲಾಗಲಿ ಇಲ್ಲಾಗಲಿ, ಓಡಿಸೋರು ಯಾವಾಗ್ಲೂ ರಸ್ತೆ ಮಧ್ಯದ ಕಡೆ. ಪಕ್ಕದಲ್ಲಿ ಕೂತೋರು ಮೋರಿ ಕಡೆ. ಅಷ್ಟೇರೀ."

ಬದರಿ ಇಂಜಿನಿಯರ್. ಮನಸ್ಸಿನಲ್ಲೇ ಎರಡೂ ದೇಶದ ರಸ್ತೆಯ ಚಿತ್ರ ಬರೆದು ನೋಡಿದ. ತಪ್ಪು ಸಿಗಲಿಲ್ಲ. ಕೀ ಕೊಟ್ಟ.

ಸೇತುವೆ ಒಂದು ಎತ್ತಿನ ಗಾಡಿಯಷ್ಟೇ ಅಗಲವಿತ್ತು. ಶತಮಾನಗಳ ಚಕ್ರಗಳು ಚಪ್ಪಡಿಯಲ್ಲಿ ಎರಡು ಜಾಡು ಕೊರೆದಿದ್ದವು. ಅದರ ಮೇಲೆ ಎಡವೂ ಇರಲಿಲ್ಲ, ಬಲವೂ ಇರಲಿಲ್ಲ. ಅವಳು ಆ ಜಾಡುಗಳಲ್ಲೇ ಕಾರು ಬಿಟ್ಟಳು. ಆಚೆ ತುದಿಗೆ ರಸ್ತೆ ಅಗಲವಾಯಿತು. ಬದರಿ ಇಲ್ಲದ ಬ್ರೇಕನ್ನು ತುಳಿದ. ಅವಳು ಅವನನ್ನು ಮೋರಿಯ ಕಡೆಗೇ ಇಟ್ಟು ಬಲಕ್ಕೆ ಸರಿದಳು. ಎದುರು ಬಂದ ಇನ್ನೊಂದು ಟ್ರ್ಯಾಕ್ಟರ್ ಅವಳ ಪಕ್ಕದಿಂದ ನಿರಾಳವಾಗಿ ದಾಟಿತು. ಅದರವನು ಕೈ ಎತ್ತಿದ.

ತಿರುವಿನಲ್ಲಿ "ಗೇರ್" ಎನ್ನಲು ಬದರಿ ಬಾಯಿ ತೆರೆದ. ಅವಳು ಆಗಲೇ ಬದಲಿಸಿದ್ದಳು. ಆ ಬಾಯಿ ಹಾಗೇ ತೆರೆದೇ ಉಳಿಯಿತು. ಇಳಿಜಾರಿನುದ್ದಕ್ಕೂ ಕೆಂಪೇರಿದ ದ್ರಾಕ್ಷಿತೋಟ, ಗಾರೆಯಿಲ್ಲದೆ ನಿಂತ ಕಲ್ಲಿನ ಗೋಡೆಗಳು, ಬೆಟ್ಟದ ಬಣ್ಣವನ್ನೇ ಹೊತ್ತು ಬೆಟ್ಟದಿಂದಲೇ ಎದ್ದಂತಿದ್ದ ಊರು. ಮೂರು ದಿನ ಅವನು ನೋಡಿದ್ದು ರಸ್ತೆಯ ಬಿಳಿ ಗೆರೆ ಮಾತ್ರ.

"ಬಂದ ದಾರಿಯಲ್ಲೂ ಹೀಗೇ ಇತ್ತಾ?"

"ನೋಡಿ ನೋಡಿ ಅಂತ ಬಡ್ಕೊಂಡ್ವಲ್ಲ ಬದರಿ," ಜಯಾ ಅಂದಳು. "ನೀವು ಮಾತಾಡಿಸ್ಬೇಡಿ ಅಂದ್ರಿ."

ಊರಬಾಗಿಲಿನ ಕಮಾನಿನ ಕೆಳಗೆ ಅನಸೂಯಾ ಕಾರು ನಿಲ್ಲಿಸಿ ಇಳಿದಳು. ಅವಳ ರವಿಕೆಯ ಬೆನ್ನು ಬೆವರಿನಲ್ಲಿ ಒದ್ದೆಯಾಗಿದ್ದುದನ್ನು ಬದರಿ ಆಗ ಕಂಡ. ಅವಳೂ ಹೆದರಿದ್ದಳು. ಹೆದರಿಕೊಂಡೇ ಅಷ್ಟು ದೂರ ತಂದಿದ್ದಳು.

ಅವಳು ಕೀ ಚಾಚಿದಳು. "ತಗೊಳ್ಳಿ. ನಾಳೆ ನೀವು."

ಬದರಿ ಕೈ ಚಾಚಲಿಲ್ಲ. "ನಾಳೆನೂ ಮೋರಿ ಕಡೆ ನಾನೇ."