ಅಳತೆ ಟೇಪಿನ ಆಂಟೆನಾ

ತೂಲಿಯ ಉಪಗ್ರಹ ಒಂದು ಲೀಟರ್ ಹಾಲಿನ ಡಬ್ಬಿಯಷ್ಟಿತ್ತು. ಉತ್ತರದ ಹಿಮದ ಊರು ಔಲುವಿನ ನಮ್ಮ ವಿದ್ಯಾರ್ಥಿ ಪ್ರಯೋಗಾಲಯದಲ್ಲಿ ಬೆಸುಗೆ ಹಾಕುವುದು, ಎಲ್ಲರೂ ಹೆಲ್ವಿ ಅಜ್ಜಿ ಎಂದು ಕರೆಯುವ ನನ್ನ ಕೆಲಸ. ಉಪಗ್ರಹ ಭೂಮಿಯೊಂದಿಗೆ ಮಾತಾಡುವ ವ್ಯವಸ್ಥೆ ಪೂರ್ತಿ ವಿದ್ಯಾರ್ಥಿನಿ ತೂಲಿಯದು. ಬಡಗಿಗಳ ಉಕ್ಕಿನ ಅಳತೆ ಟೇಪನ್ನು ಕತ್ತರಿಸಿ ಆಂಟೆನಾ ಮಾಡಿದ್ದಳು. ಮಡಿಚಿ ಗಾಳದ ದಾರದಿಂದ ಕಟ್ಟಿಟ್ಟರೆ, ಮೇಲೆ ಹೋದ ಮೇಲೆ ಬಿಸಿ ತಂತಿಯೊಂದು ದಾರವನ್ನು ಸುಡುತ್ತದೆ, ಟೇಪು ತಾನೇ ಬಿಚ್ಚಿಕೊಳ್ಳುತ್ತದೆ.

“ಇದೇನಮ್ಮಾ, ರೇಡಿಯೋನೋ ಮರಗೆಲಸದ ಅಂಗಡಿನೋ?” ಎಂದು ನಕ್ಕವನು ನಮ್ಮ ಹಿರಿಯ ಎಂಜಿನಿಯರ್ ರೌನೋ.

ನಿಜವಾದ ಜಗಳ ಉಪಗ್ರಹ ಮಾಹಿತಿ ಕಳಿಸುವ ವೇಗದ್ದು.

“ಇಷ್ಟು ನಿಧಾನಕ್ಕೆ ಕಳಿಸಿದ್ರೆ ಒಂದು ಫೋಟೋ ಇಳಿಯೋಕೆ ವಾರ ಬೇಕು. ಬಸವನಹುಳು ಹಾರಿಸ್ತಿದ್ದೀಯಾ?”

“ಇರೋದು ಅರ್ಧ ವಾಟ್ ಶಕ್ತಿ, ರೌನೋ. ಪಿಸುಮಾತನ್ನ ಗಡಿಬಿಡೀಲಿ ಆಡಿದ್ರೆ ಯಾರಿಗೆ ಕೇಳುತ್ತೆ? ಮೊದಲು ಕೇಳಿಸ್ಲಿ, ಆಮೇಲೆ ಫೋಟೋ.”

ಅವಳ ಲೆಕ್ಕದ ಹಾಳೆಗಳನ್ನು ನಾನು ನೋಡಿದ್ದೇನೆ. ಎರಡು ಸಾವಿರ ಕಿಲೋಮೀಟರ್ ದೂರ, ಕೇಬಲ್ಲಿನಲ್ಲಿ ಸೋರುವುದು, ಉಪಗ್ರಹ ಉರುಳಾಡಿದರೆ ಕಳೆದುಹೋಗುವುದು, ಎಲ್ಲವನ್ನೂ ಸಂಕೇತದ ಶಕ್ತಿಯಿಂದ ಕಳೆದು, ಅದರ ಮೇಲೂ ಒಂದಿಷ್ಟು ಉಳಿಸಿದ್ದಳು. ಕೊನೆಗೆ ರೌನೋ ಸಹಿ ಹಾಕಿದ. “ಕೇಳಿಸ್ದೆ ಹೋದ್ರೆ ಎರಡು ವರ್ಷದ ಕೆಲಸ ಹೋಯ್ತು, ಗೊತ್ತಲ್ಲ?”

ಮಾರ್ಚ್‌ನಲ್ಲಿ ಉಡಾವಣೆ ಆಯಿತು. ಮೂರು ದಿನ ಮಾಳಿಗೆಯ ದೊಡ್ಡ ಆಂಟೆನಾ ಆಕಾಶವನ್ನು ಹಿಂಬಾಲಿಸಿತು. ಬರೀ ಗೊರಗೊರ ಸದ್ದು. ತೂಲಿ ಕಾಫಿಯನ್ನೂ ಬೇಡ ಅಂದಳು. ನಮ್ಮಲ್ಲಿ ಕಾಫಿ ಬೇಡ ಅಂದವರ ಹಣೆ ಮುಟ್ಟಿ ನೋಡುತ್ತಾರೆ. “ವೇಗ ಅಲ್ಲ ತಪ್ಪಿದ್ದು ಹೆಲ್ವಿ ಅಜ್ಜಿ, ನಾನೇ ಎಲ್ಲೋ ತಪ್ಪಿದೀನಿ,” ಅಂದಳು.

ನಾಲ್ಕನೆಯ ಬೆಳಿಗ್ಗೆ, ನಮ್ಮ ಲೆಕ್ಕದಂತೆ ಉಪಗ್ರಹ ಮೇಲೆ ಹಾಯುವುದಕ್ಕೆ ಇನ್ನೂ ಎರಡು ನಿಮಿಷ ಇತ್ತು. ರೌನೋ ಕೋಣೆಯಲ್ಲಿರಲಿಲ್ಲ. ಕಿಟಕಿಯಿಂದ ನೋಡಿದರೆ ಅಂಗಳದ ಹಿಮದಲ್ಲಿ ನಿಂತಿದ್ದಾನೆ, ಕೈಯಲ್ಲಿ ಹಳೆಯ ಸ್ಕೀ ಕೋಲು. ಕೋಲಿಗೆ ಅಡ್ಡಡ್ಡ ಕಟ್ಟಿದ್ದು ಹಳದಿ ಅಳತೆ ಟೇಪಿನ ತುಂಡುಗಳು!

“ತೂಲಿ! ಓಡಿ ಬಾ!” ಎಂದು ಅಲ್ಲಿಂದಲೇ ಕೂಗಿದ.

ಅವಳು ಕೋಟಿಲ್ಲದೆ ಓಡಿದಳು. ಹಿಂದೆ ಕೋಟು ಹಿಡಿದು ನಾನು.

“ಒಂದೇ ರಾಕೆಟ್ಟಿಂದ ಇಪ್ಪತ್ತು ಉಪಗ್ರಹ ಒಟ್ಟಿಗೆ ಬಿಟ್ಟಿದಾರಲ್ಲ, ನಮಗೆ ಸಿಕ್ಕಿರೋ ದಾರಿಯ ಲೆಕ್ಕ ಪಕ್ಕದವರದು. ನಿಂದು ಎರಡು ನಿಮಿಷ ಮುಂದಿದೆ. ಮೇಲಿನ ಆಂಟೆನಾ ದಿನಾ ಬೇರೆಯವರ ಬೆನ್ನು ನೋಡ್ತಿತ್ತು!” ಎಂದು ರೌನೋ ಹೆಡ್‌ಫೋನ್ ತೆಗೆದು ಅವಳ ಕಿವಿಗಿಟ್ಟ.

ತೂಲಿ ಕಣ್ಣು ಮುಚ್ಚಿದಳು. ಟೆಲಿಗ್ರಾಂ ಸಂಕೇತದಂತೆ ಬೀಪ್ ಸದ್ದು: ಉದ್ದ, ಗಿಡ್ಡ, ಗಿಡ್ಡ. ಬಿಡಿಬಿಡಿಯಾಗಿ, ನಿಧಾನವಾಗಿ, ತನ್ನ ಹೆಸರು ಹೇಳುತ್ತಿತ್ತು ಅವಳ ಡಬ್ಬಿ.

“ನಾನು ಹೇಳಿದ ವೇಗಕ್ಕೆ ಈ ಕೋಲಿಗೆ ಏನೂ ಸಿಗ್ತಿರಲಿಲ್ಲ,” ಅಂದ ರೌನೋ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಹುಬ್ಬಿನ ಮೇಲೆ ಹಿಮ ಕೂತಿತ್ತು. ಉಪಗ್ರಹ ದಿಗಂತದ ಕೆಳಗಿಳಿಯುವವರೆಗೂ ಆ ಕೋಲನ್ನು ಅವಳಿಗಾಗಿ ಹಿಡಿದೇ ಇದ್ದ.