ಭಾವನ ನಡಿಗೆ

ಇಪ್ಪತ್ತಾರು ವರ್ಷ ಓಡುವ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ಒಮ್ಮೆಯೂ ಮುಗ್ಗರಿಸದ ಮನುಷ್ಯ, ಅಲುಗಾಡದ ಮನೆಯಲ್ಲಿ ಫ್ಯಾನು ಒರೆಸಲು ಅಲುಗಾಡದ ಸ್ಟೂಲು ಹತ್ತಿ ಬಿದ್ದರು. ಬೆನ್ನುಮೂಳೆಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಎರಡು ವರ್ಷದಿಂದ ಗಾಲಿಕುರ್ಚಿಯೇ ಗತಿ. ಎಲ್ಲರೂ ಅವರನ್ನು ಟೀಸಿಯವರು ಎಂದೇ ಕರೆಯುತ್ತಿದ್ದರು. ಕುರ್ಚಿಯಲ್ಲಿ ಕೂತ ಮೇಲೂ ಆ ಹೆಸರು ಇಳಿದು ಹೋಗಿರಲಿಲ್ಲ.

ನಡೆಸುವ ಯಂತ್ರವೊಂದು ಈಗ ಆಸ್ಪತ್ರೆಗೆ ಬಂದಿತ್ತು. ಸೊಂಟದಿಂದ ಪಾದದವರೆಗೆ ಹೊರಗಿನಿಂದ ಕಟ್ಟಿಕೊಳ್ಳುವ ಲೋಹದ ಕಾಲುಗಳು, ಕೀಲುಗಳಲ್ಲಿ ಮೋಟರು, ಬೆನ್ನಿಗೆ ಬ್ಯಾಟರಿ. ಊರುಗೋಲು ಹಿಡಿದು ಮೈ ವಾಲಿಸಿದರೆ ಯಂತ್ರವೇ ಕಾಲೆತ್ತಿ ಮುಂದಿಡುತ್ತಿತ್ತು. ಯಂತ್ರ ಒಂದು, ಕಾದಿದ್ದವರು ಹನ್ನೊಂದು ಜನ. ಶುಕ್ರವಾರದೊಳಗೆ ಎಲ್ಲೂ ನಿಲ್ಲದೆ ಹತ್ತು ಮೀಟರ್ ನಡೆದರೆ ಆರು ತಿಂಗಳ ತರಬೇತಿ. ಇಲ್ಲವಾದರೆ ಸರದಿ ಮುಂದಿನವರಿಗೆ.

ಟೀಸಿಯವರು ಮೂರು ಹೆಜ್ಜೆ ದಾಟಿರಲಿಲ್ಲ. ಮೂರನೆಯದಕ್ಕೆ ಯಂತ್ರ ಕೀಂ ಎಂದು ಕಿರುಚಿ ಸೆಟೆದು ನಿಲ್ಲುತ್ತಿತ್ತು.

"ನಿಮ್ಮ ಮೈ ಒಂದು ದಾರಿ, ಕಾಲು ಒಂದು ದಾರಿ ಹೋಗ್ತಿದೆ ಸಾರ್," ಎಂದಳು ಥೆರಪಿಸ್ಟ್ ಹುಡುಗಿ. "ಇದ್ರಲ್ಲಿರೋದು ಎಲ್ಲರಿಗೂ ಹೊಂದೋ ನಡಿಗೆ. ನೀವು ಬಲಕ್ಕೆ ಅಷ್ಟು ವಾಲಿದ್ರೆ, ಬಿದ್ರು ಅಂದ್ಕೊಂಡು ಬ್ರೇಕ್ ಹಾಕುತ್ತೆ."

"ಎಲ್ಲರಿಗೂ ಹೊಂದೋದು ಅಂದ್ರೆ ಯಾರಿಗೂ ಹೊಂದಲ್ಲ ಅಂತ. ನಮ್ಮ ಯೂನಿಫಾರಮ್ಮೂ ಹಾಗೇ ಇತ್ತು."

"ನಿಮ್ಮ ಹಳೇ ನಡಿಗೆನೇ ತುಂಬಿಸ್ಬಹುದು. ವಿಡಿಯೊ ಇದ್ರೆ ತನ್ನಿ, ನೋಡೋಣ."

ಆಲ್ಬಮ್ಮು, ಫೋನು ಎಲ್ಲವನ್ನೂ ಜಾಲಾಡಿದರು. ಎಲ್ಲದರಲ್ಲೂ ಟೀಸಿಯವರು ನಿಂತಿದ್ದರು. ಫೋಟೊ ತೆಗೆಯುವವರು ಯಾವತ್ತೂ 'ನಿಂತ್ಕೊಳ್ಳಿ' ಎಂದಿದ್ದರೇ ಹೊರತು 'ನಡೀರಿ' ಎಂದಿರಲಿಲ್ಲ. ಕೊನೆಗೆ ಹೆಂಡತಿ ತಮ್ಮ ಫೋನಿನಲ್ಲಿ ಬಚ್ಚಿಟ್ಟಿದ್ದ ಒಂದು ವಿಡಿಯೊವನ್ನು ಹಿಂಜರಿಯುತ್ತ ಥೆರಪಿಸ್ಟ್ ಹುಡುಗಿಗೆ ತೋರಿಸಿದರು. ಎದೆ ಮುಂದೆ ಚಾಚಿ, ಪಾದಗಳನ್ನು ಹತ್ತು ಗಂಟೆ ಹತ್ತು ನಿಮಿಷದ ಮುಳ್ಳುಗಳಂತೆ ಅಗಲಿಸಿ, ಪ್ರತಿ ಹೆಜ್ಜೆಗೂ ಕಾಣದ ರೈಲೊಂದು ತಿರುವಿನಲ್ಲಿ ಸಾಗುತ್ತಿದೆಯೋ ಎಂಬಂತೆ ವಾಲುತ್ತ ಯಾರೋ ನಡೆದು ಬರುತ್ತಿದ್ದರು. ಸುತ್ತಲೂ ನೆಂಟರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಇದೇ ವಾಲಾಟ! ಇದು ನೀವೇ ತಾನೇ ಸಾರ್?"

"ನಾನಲ್ಲ. ಅದು ಆ ಮಂಗ."

ಮಂಗ ಎಂದರೆ ಹೆಂಡತಿಯ ತಮ್ಮ. ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಿರಾಕಿಗಳನ್ನೆಲ್ಲ ಅಣಕಿಸುವುದು ಮೇಲುಸಂಪಾದನೆ. 'ಭಾವನ ನಡಿಗೆ' ಅವನ ಹೆಸರುವಾಸಿ ಐಟಂ. ಟೀಸಿಯವರ ಮೇಲಧಿಕಾರಿ ಊಟಕ್ಕೆ ಬಂದ ದಿನ ಅದನ್ನು ಮಾಡಿ ತೋರಿಸಿದ್ದ. ಮೇಲಧಿಕಾರಿ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡರು. ಅವರು ಹೊರಟ ಮೇಲೆ ಟೀಸಿಯವರು ಭಾವಮೈದನಿಗೆ, ಇನ್ನು ಈ ಹೊಸಿಲು ತುಳಿಯಬೇಡ ಎಂದರು. ಅದಾಗಿ ನಾಲ್ಕು ವರ್ಷ. ಬಿದ್ದಾಗ ಆಸ್ಪತ್ರೆಗೆ ಓಡಿ ಬಂದವನನ್ನೂ, "ಅಣಕಿಸೋಕೆ ಇನ್ನೇನೂ ಉಳಿದಿಲ್ಲ ಅಂತ ಹೇಳಿ ಕಳಿಸು," ಎಂದು ಬಾಗಿಲಿಂದಲೇ ಅಟ್ಟಿಸಿದ್ದರು.

"ಹಾಗೆ ಬಾತುಕೋಳಿ ನಡೆಯುತ್ತೆ, ನಾನಲ್ಲ," ಎಂದರು ಈಗ.

"ರೀ, ಇಷ್ಟು ವರ್ಷ ನಿಮ್ಮ ಹಿಂದೆ ನಡೆದೋಳು ನಾನು. ನಿಮ್ಮ ನಡಿಗೆ ನೋಡಿರೋದು ನೀವೋ ನಾನೋ?"

"ಈ ವಿಡಿಯೊದಲ್ಲಿ ನೆಂಟರು ಅಡ್ಡ ಬಂದಿದ್ದಾರೆ, ಅಳತೆ ಸಿಗಲ್ಲ. ಅವರನ್ನೇ ಕರೆಸಿ," ಎಂದಳು ಥೆರಪಿಸ್ಟ್.

ಇಡೀ ಲೋಕದಲ್ಲಿ ಟೀಸಿಯವರ ನಡಿಗೆಯ ಒಂದೇ ಒಂದು ಪ್ರತಿ ಉಳಿದದ್ದು ಆ ಮಂಗನ ಬಳಿ. ಕಾಲು ಬೇಕಾದರೆ ಕಾಲು ಹಿಡಿಯಬೇಕು. ಫೋನು ಮಾಡಿದರು.

"ಯಾರೋ ಅದು ನಮ್ಮ ಭಾವನ ದನಿ ಮಾಡ್ತಿರೋದು?" ಎಂದಿತು ಆ ಕಡೆಯ ದನಿ. "ಪರವಾಗಿಲ್ಲ ಕಣೋ, ಆದ್ರೆ ಭಾವ ಇಷ್ಟು ಮೆತ್ತಗೆ ಮಾತಾಡಲ್ಲ."

"ಲೋ ಮಂಗ!"

"ಅಯ್ಯೋ ಭಾವ! ಹೇಳಿ ಭಾವ."

ಗುರುವಾರ ಅವನ ಸೊಂಟ, ಮಂಡಿ, ಪಾದಗಳಿಗೆ ಥೆರಪಿಸ್ಟ್ ಸೆನ್ಸರುಗಳನ್ನು ಕಟ್ಟಿದಳು. ಅವನು ತಲೆ ತಗ್ಗಿಸಿ, ಶಾಲೆಯ ಮುಖ್ಯೋಪಾಧ್ಯಾಯರ ಕೋಣೆಗೆ ಹೋಗುವವನಂತೆ ಮೆಲ್ಲಗೆ ನಡೆದ.

"ಏನೋ ಅದು?"

"ನಿಮ್ಮ ಥರಾನೇ ಭಾವ."

"ನಾನು ಹಾಗೆ ನಡೆದಿದ್ರೆ ಟಿಕೆಟ್ ಇಲ್ಲದೋರು ನನಗೇ ದಂಡ ಹಾಕ್ತಿದ್ರು! ಸರಿಯಾಗಿ ಮಾಡು."

"ನಿಮ್ಮೆದುರಿಗೆ ಆಗಲ್ಲ ಭಾವ. ಅವತ್ತಿಂದ ಬಿಟ್ಟೇ ಬಿಟ್ಟೆ. ಕಾಲೇ ಏಳಲ್ಲ."

"ಕಾಲು ಏಳದೇ ಇರೋನು ನಾನು ಕಣೋ! ನಿನಗೇನು ಬಂತು? ಮರ್ಯಾದೆ ನಾಳಿದ್ದು ಕೊಡು, ಇವತ್ತು ಅಣಕಿಸು. ಪಾದ ಅಗಲ ಮಾಡು. ಇನ್ನೂ! ಎದೆ ಎಲ್ಲಿ? ಸಾಹೇಬರ ಮುಂದೆ ಇಷ್ಟೊಂದು ನಾಚಿಕೆ ಇರ್ಲಿಲ್ಲ ನಿನಗೆ!"

ಭಾವಮೈದನ ಮುಖ ಕೆಂಪಾಯಿತು. ಎದೆ ತಾನಾಗಿ ಮುಂದೆ ಬಂತು.

"ಅವತ್ತು ನನ್ನ ಮುಖದ ಮೇಲೆ ಬಾಗಿಲು ಹಾಕೋಕೆ ಎದ್ದು ಬಂದ್ರಲ್ಲ ಭಾವ," ಎಂದ. "ಆಗ ಹೀಗೆ ಬಂದ್ರಿ!"

ನಾಲ್ಕು ವರ್ಷದ ಸಿಟ್ಟನ್ನೆಲ್ಲ ಪಾದಕ್ಕಿಳಿಸಿ ಆ ಕೊನೆಯಿಂದ ಈ ಕೊನೆಗೆ ನಡೆದ. ಥೆರಪಿಸ್ಟ್ ಪರದೆ ನೋಡಿ ಹೆಬ್ಬೆರಳೆತ್ತಿದಳು. ಟೀಸಿಯವರು ಇನ್ನೊಂದು ಸಲ ನಡಿ ಎಂದು ಕೈಸನ್ನೆ ಮಾಡಿದರು, ಅಷ್ಟೆ.

ಶುಕ್ರವಾರ ಯಂತ್ರ ಕಟ್ಟಿಕೊಂಡು ಎದ್ದು ನಿಂತರು. ಒಂದು, ಎರಡು, ಮೂರು. ಕೀಂ ಅನ್ನಲಿಲ್ಲ. ನಾಲ್ಕನೆಯದಕ್ಕೆ ಪಾದ ಹೊರಕ್ಕೆ ತಿರುಗಿತು, ಮೈ ವಾಲಿತು, ಯಂತ್ರವೂ ಕೂಡಿಕೊಂಡು ವಾಲಿತು. ನೋಡಲು ನೆರೆದಿದ್ದ ನರ್ಸುಗಳು ಮೊದಲು ಕೈ ತಟ್ಟಿದರು, ಆಮೇಲೆ ಬಾಯಿ ಮುಚ್ಚಿಕೊಂಡರು, ಆಮೇಲೆ ಮುಚ್ಚಿಕೊಳ್ಳಲಾಗಲಿಲ್ಲ. ಆರನೇ ಮೀಟರಿನಲ್ಲಿ ಹೆಂಡತಿ ಅಳುತ್ತ ನಗುತ್ತ ಕೂಗಿದರು:

"ಅಯ್ಯೋ, ಥೇಟ್ ನನ್ನ ತಮ್ಮ ನಡೆದ ಹಾಗೇ!"

ಅವನು ನಡೆಯುವುದು ನನ್ನ ಹಾಗೆ, ನಾನು ಅವನ ಹಾಗಲ್ಲ ಎಂಬ ಮಾತು ಟೀಸಿಯವರ ಬಾಯಿಯವರೆಗೂ ಬಂತು. ಹೇಳಬೇಕೆಂದರೆ ಆಕೆಯ ಕಡೆ ತಿರುಗಬೇಕು. ತಿರುಗಿದರೆ ಯಂತ್ರ ನಿಲ್ಲುತ್ತದೆ. ಮಾತನ್ನು ನುಂಗಿ ಬಲಕ್ಕೆ ವಾಲಿದರು. ಏಳು. ಎಂಟು.

ಇಡೀ ಕೋಣೆಯಲ್ಲಿ ನಗದೇ ಇದ್ದವನು ಒಬ್ಬನೇ. ಹತ್ತನೇ ಮೀಟರಿನ ಗೆರೆಯ ಆಚೆ ನಿಂತಿದ್ದ ಭಾವಮೈದ, ತನಗೇ ತಿಳಿಯದಂತೆ, ಭಾವ ವಾಲಿದಾಗಲೆಲ್ಲ ತಾನೂ ವಾಲುತ್ತ, ಅವರು ಗೆರೆ ದಾಟುವವರೆಗೂ ಉಸಿರು ಬಿಗಿಹಿಡಿದಿದ್ದ.